ಮರಳಿ ಬರುವ ಚಿತ್ತಾರ, ಹೊರಚಿಮ್ಮುವ ಕಿಡಿ

‘ಕಿಡಿ’ ಎಂಬುದು ಅಚ್ಚಗನ್ನಡ ಪದ. ಸಂಸ್ಕೃತದಲ್ಲಿ ಇದಕ್ಕೆ ‘ಸ್ಫುಲಿಂಗ’ ಎಂಬ ಹೆಸರುಂಟು. ಉರಿಯಿಂದ ಸಿಡಿದು, ಕ್ಷಣಮಾತ್ರ ಬೆಳಗಿ, ತಾನಾಗಿಯೇ ಆರಿಹೋಗುವುದು ಕಿಡಿಯ ಲಕ್ಷಣ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಒಲೆಯ ಬಾಯಲ್ಲಿ ಇದನ್ನು ನೋಡಬಹುದು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದಂದಿನಿಂದ ಲೇತ್ ಯಂತ್ರಗಳಿಗೆ ಹೆಸರಾದ ಹರಿಹರದಲ್ಲಿ, ಸಾಣೆಚಕ್ರಕ್ಕೆ ಉಕ್ಕು ತಗುಲಿದಾಗಲೂ ನೋಡಬಹುದು. ಬಯಲಿನ ಗಾಳಿಯಲ್ಲಿ ಹಾರಿದ ಕಿಡಿಯಿಂದ ಯಾರಿಗೂ ಏನೂ ಆಗದು. ಅದೇ ಕಿಡಿ ಅರಳೆಯ ರಾಶಿಯ ಮೇಲೆ ಬಿದ್ದರೆ ಗಿರಣಿಗೆ ಗಿರಣಿಯೇ ಹೊತ್ತಿಕೊಂಡೀತು. ಹತ್ತಿಯ ವ್ಯಾಪಾರದಿಂದ ಬೆಳೆದ ದಾವಣಗೆರೆಯ ಜನಕ್ಕೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು: ಕಿಡಿಯು ತನ್ನಷ್ಟಕ್ಕೆ ಉಳಿಯುವಂಥದಲ್ಲ, ಮತ್ತು ಕಿಡಿಯನ್ನು ಕಳೆದುಕೊಂಡ ಮಾತ್ರಕ್ಕೆ ಒಲೆಗೆ ಕೊರತೆಯೇನೂ ಇಲ್ಲ.

ಗಣಿತಶಾಸ್ತ್ರದಲ್ಲಿಯೂ ಇಂಥ ಕಿಡಿಗಳುಳ್ಳ ಒಂದು ಪ್ರಪಂಚವಿದೆ. ಅದು ಚೌಕಾಬಾರದ ಮನೆಗಳಂತೆ ಗೆರೆ ಎಳೆದ ಹಾಸಿನ ಪ್ರಪಂಚ. ಅಲ್ಲಿ ಚಿತ್ತಾರಗಳು ಬದಲಾಗುತ್ತ ಹೋಗಿ ಮತ್ತೆ ತಮ್ಮ ಮೊದಲಿನ ರೂಪಕ್ಕೆ ಮರಳುತ್ತವೆ. ಮರಳುವ ದಾರಿಯಲ್ಲಿ ಕೆಲವು ಕಿಡಿಯುಗುಳುತ್ತವೆ. ಈ ಚಿತ್ತಾರಗಳ ಸ್ವರೂಪವನ್ನೂ, ಆ ಕಿಡಿಗಳಿಂದಾಗುವ ಕಾರ್ಯವನ್ನೂ ವಿದ್ಯಾರ್ಥಿಗಳಿಗೆ ನಿಲುಕುವಂತೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನೆಗಳ ಹಾಸು

ಗೆರೆ ಎಳೆದು ಮನೆ ಮಾಡಿ, ಪ್ರತಿಯೊಂದು ಮನೆಯ ಮುಂದಿನ ಸ್ಥಿತಿಯನ್ನು ಅದರ ನೆರೆಹೊರೆಯ ಇಂದಿನ ಸ್ಥಿತಿಯಿಂದಲೇ ನಿರ್ಣಯಿಸುವ ವ್ಯವಸ್ಥೆಗೆ ‘ಸೆಲ್ಯುಲರ್ ಆಟೋಮೇಟನ್’ ಎಂದು ಹೆಸರು. ‘ಕೋಶಗಳ ಸ್ವಯಂಚಾಲಿತ ವ್ಯವಸ್ಥೆ’ ಎಂದು ಕನ್ನಡದಲ್ಲಿ ಹೇಳಬಹುದಾದರೂ ‘ಕೋಶ’ಕ್ಕಿಂತ ‘ಮನೆ’ ಎಂಬ ಮಾತೇ ಇಲ್ಲಿ ಹೆಚ್ಚು ಒಪ್ಪುತ್ತದೆ. ಚದುರಂಗ, ಚೌಕಾಬಾರ, ಚೆನ್ನೆಮಣೆಗಳನ್ನು ಆಡುವ ನಾಡಿನಲ್ಲಿ ಕಾಯಿ ಕೂರುವ ಸ್ಥಾನಕ್ಕೆ ಮನೆಯೆಂಬುದೇ ರೂಢಿಯ ಹೆಸರು. ಈ ವಿಚಾರವನ್ನು 1940ರ ದಶಕದಲ್ಲಿ ಮೊದಲು ಚಿಂತಿಸಿದವರು ಜಾನ್ ಫಾನ್ ನಾಯ್ಮನ್ ಮತ್ತು ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞರು. ಯಂತ್ರವೊಂದು ತನ್ನಂಥದೇ ಇನ್ನೊಂದು ಯಂತ್ರವನ್ನು ತಾನೇ ನಿರ್ಮಿಸಬಲ್ಲುದೇ ಎಂಬುದು ಫಾನ್ ನಾಯ್ಮನ್ನರ ಪ್ರಶ್ನೆಯಾಗಿತ್ತು. ಅವರ ವ್ಯವಸ್ಥೆಯಲ್ಲಿ ಒಂದೊಂದು ಮನೆಗೂ 29 ಬಗೆಯ ಸ್ಥಿತಿಗಳಿದ್ದುವು.

ಇಷ್ಟು ತೊಡಕಿನ ವ್ಯವಸ್ಥೆಯನ್ನು ಬಾಲಕರೂ ಆಡಬಲ್ಲಷ್ಟು ಸರಳಗೊಳಿಸಿದವರು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿದ್ದ ಜಾನ್ ಹಾರ್ಟನ್ ಕಾನ್ವೇ. ಅವರು ರಚಿಸಿದ ಆಟಕ್ಕೆ ‘ಲೈಫ್’, ಅಂದರೆ ‘ಬದುಕು’ ಎಂದು ಹೆಸರು. 1970ರ ಅಕ್ಟೋಬರ್ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮಾರ್ಟಿನ್ ಗಾರ್ಡನರ್ ಇದನ್ನು ಲೋಕಕ್ಕೆ ಪರಿಚಯಿಸಿದರು. ಇದರಲ್ಲಿ ಮನೆಗೆ ಎರಡೇ ಸ್ಥಿತಿ: ತುಂಬಿರುವುದು, ಇಲ್ಲವೇ ಬರಿದಾಗಿರುವುದು. ಪ್ರತಿ ಮನೆಗೂ ನಾಲ್ಕು ಪಕ್ಕ ಮತ್ತು ನಾಲ್ಕು ಮೂಲೆಗಳಲ್ಲಿ ಒಟ್ಟು 8 ನೆರೆಮನೆಗಳು. ನಿಯಮಗಳು ಮೂರು.

ತುಂಬಿದ ಮನೆಗೆ ಎರಡು ಅಥವಾ ಮೂರು ತುಂಬಿದ ನೆರೆಮನೆಗಳಿದ್ದರೆ ಅದು ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಅದಕ್ಕಿಂತ ಕಡಿಮೆಯಿದ್ದರೆ ಒಂಟಿತನದಿಂದಲೂ, ಹೆಚ್ಚಾಗಿದ್ದರೆ ಇಕ್ಕಟ್ಟಿನಿಂದಲೂ ಅಳಿಯುತ್ತದೆ.

ಬರಿದಾದ ಮನೆಗೆ ಸರಿಯಾಗಿ ಮೂರು ತುಂಬಿದ ನೆರೆಮನೆಗಳಿದ್ದರೆ ಅಲ್ಲಿ ಹೊಸ ಜೀವ ಹುಟ್ಟುತ್ತದೆ.

ಹುಟ್ಟುಸಾವುಗಳೆಲ್ಲವೂ ಏಕಕಾಲದಲ್ಲಿ ನಡೆಯತಕ್ಕವು. ಕಲಿಯುವವರು ಎಡವುವುದು ಇಲ್ಲಿಯೇ. ಒಂದು ಮನೆಯನ್ನು ಬದಲಿಸಿ, ಆ ಬದಲಾವಣೆಯನ್ನು ಹಿಡಿದು ಪಕ್ಕದ ಮನೆಯನ್ನು ಎಣಿಸಿದರೆ ಲೆಕ್ಕವೆಲ್ಲ ಕೆಡುತ್ತದೆ. ಇದನ್ನು ತಪ್ಪಿಸಲು ಸುಲಭೋಪಾಯವುಂಟು. ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು, ತುಂಬಿದ ಮನೆಗಳಲ್ಲಿ ಹುಣಸೆಬೀಜಗಳನ್ನಿಡಬೇಕು. ಅಳಿಯತಕ್ಕ ಬೀಜದ ಮೇಲೆ ಇನ್ನೊಂದು ಬೀಜವನ್ನಿಡಬೇಕು. ಹುಟ್ಟತಕ್ಕ ಮನೆಯಲ್ಲಿ ಮೆಕ್ಕೆಜೋಳದ ಕಾಳನ್ನಿಡಬೇಕು. ಎಣಿಕೆ ಪೂರ್ತಿಯಾಗಿ, ಇನ್ನೊಮ್ಮೆ ಪರೀಕ್ಷಿಸಿದ ಮೇಲೆ ಜೋಡಿಬೀಜಗಳನ್ನು ತೆಗೆದು, ಕಾಳಿನ ಜಾಗಕ್ಕೆ ಬೀಜವನ್ನಿಟ್ಟರೆ ಒಂದು ತಲೆಮಾರು ಮುಗಿದಂತಾಯಿತು. ಕಾನ್ವೇ ಅವರೂ ಮೊದಲಲ್ಲಿ ಗಣಕಯಂತ್ರವನ್ನು ನೆಚ್ಚದೆ ಹಾಸಿನ ಮೇಲೆ ಕಾಯಿಗಳನ್ನಿಟ್ಟುಕೊಂಡೇ ಈ ಆಟವನ್ನು ಪರೀಕ್ಷಿಸಿದ್ದರು.

ಆಂದೋಲಕಗಳು

ಮೂರು ಬೀಜಗಳನ್ನು ಒಂದೇ ಅಡ್ಡಸಾಲಿನಲ್ಲಿ ಒತ್ತಾಗಿ ಇಟ್ಟು ನೋಡೋಣವೆಂದರೆ, ನಡುವಿನದಕ್ಕೆ ಎರಡು ನೆರೆಯುಂಟಾದ್ದರಿಂದ ಅದು ಉಳಿಯುತ್ತದೆ. ತುದಿಯ ಎರಡಕ್ಕೂ ಒಂದೊಂದೇ ನೆರೆಯಾದ್ದರಿಂದ ಅವು ಅಳಿಯುತ್ತವೆ. ನಡುವಿನದರ ಮೇಲಣ ಬರಿಮನೆಗೂ ಕೆಳಗಣ ಬರಿಮನೆಗೂ ಮೂರು ಮೂರು ನೆರೆಗಳಿರುವುದರಿಂದ ಅಲ್ಲಿ ಹೊಸ ಬೀಜಗಳು ಹುಟ್ಟುತ್ತವೆ. ಅಡ್ಡಸಾಲು ಉದ್ದಸಾಲಾಯಿತು. ಮುಂದಿನ ತಲೆಮಾರಿನಲ್ಲಿ ಇದೇ ನ್ಯಾಯದಿಂದ ಉದ್ದಸಾಲು ಮತ್ತೆ ಅಡ್ಡಸಾಲಾಗುತ್ತದೆ. ಹೀಗೆ ಅಡ್ಡ, ಉದ್ದ, ಅಡ್ಡ, ಉದ್ದ ಎಂದು ಕೊನೆಯಿಲ್ಲದೆ ಮಿಟುಕುವ ಈ ಚಿತ್ತಾರಕ್ಕೆ ‘ಬ್ಲಿಂಕರ್’ ಎಂದು ಹೆಸರು. ಎರಡು ರೂಪಗಳಲ್ಲಿ ತೋರುತ್ತಿದ್ದರೂ ವಸ್ತು ಒಂದೇ ಎಂಬುದು, ಹರಿಹರೇಶ್ವರನ ಮೂರ್ತಿಯನ್ನು ಕಂಡವರಿಗೆ ಹೊಸ ಮಾತಲ್ಲ.

ಹೀಗೆ ಕೆಲವು ತಲೆಮಾರುಗಳ ಬಳಿಕ ಅದೇ ಸ್ಥಾನದಲ್ಲಿ ಅದೇ ರೂಪಕ್ಕೆ ಮರಳುವ ಚಿತ್ತಾರವೇ ಆಂದೋಲಕ. ಮರಳಲು ಹಿಡಿಯುವ ತಲೆಮಾರುಗಳ ಸಂಖ್ಯೆಯೇ ಅದರ ಆವರ್ತ. ಸಂಗೀತದಲ್ಲಿ ತಾಳದ ಒಂದು ಸುತ್ತಿಗೆ ಆವರ್ತವೆನ್ನುವಂತೆಯೇ ಇದು. ಬ್ಲಿಂಕರಿನ ಆವರ್ತ 2.

ನಾಲ್ಕು ಬೀಜಗಳನ್ನು ಚೌಕವಾಗಿ ಇಟ್ಟರೆ ಪ್ರತಿಯೊಂದಕ್ಕೂ ಮೂರು ನೆರೆಗಳಿರುವುದರಿಂದ ಏನೂ ಬದಲಾಗದು, ಅದು ಸ್ಥಿರಚಿತ್ತಾರ. ಅಂಥ ಎರಡು ಚೌಕಗಳನ್ನು ಮೂಲೆಗೆ ಮೂಲೆ ತಗುಲುವಂತೆ ಇಟ್ಟರೆ ಬೇರೊಂದೇ ಸಂಗತಿ ನಡೆಯುತ್ತದೆ. ಮೂಲೆಗೂಡಿದ ಎರಡು ಬೀಜಗಳಿಗೆ ತಮ್ಮ ಚೌಕದ ಮೂರರ ಜೊತೆಗೆ ಎದುರಿನದೊಂದು ಸೇರಿ ನಾಲ್ಕು ನೆರೆಗಳಾಗುವುದರಿಂದ ಅವೆರಡೂ ಅಳಿಯುತ್ತವೆ. ಅಳಿದ ಮೇಲೆ ಆ ಬರಿಮನೆಗಳಿಗೆ ಮೂರು ಮೂರು ನೆರೆಗಳು ಉಳಿಯುವುದರಿಂದ ಮತ್ತೆ ಹುಟ್ಟುತ್ತವೆ. ಒಂಟಿಯಾಗಿದ್ದಾಗ ಅಲುಗದ ಎರಡು ಚೌಕಗಳು ಕೂಡಿದಾಗ ದೀಪಸ್ತಂಭದಂತೆ ಮಿನುಗತೊಡಗುತ್ತವೆ. ಇದನ್ನು ‘ಬೀಕನ್’ ಎನ್ನುತ್ತಾರೆ. ಇದರ ಆವರ್ತವೂ 2.

ಇವುಗಳಿಗಿಂತ ದೊಡ್ಡವೂ ಉಂಟು. ‘ಪಲ್ಸಾರ್’ ಎಂಬುದು 48 ಮನೆಗಳಷ್ಟು ಕಿರಿದಾಗಿ, ಅನಂತರ ಹಿಗ್ಗಿ, ಮೂರು ತಲೆಮಾರಿಗೆ ಮರಳುವ ಚಿತ್ತಾರ. ನಾಲ್ಕು ದಿಕ್ಕಿಗೂ ಸಮನಾದ ಅದರ ರೂಪ ಬಾಗಿಲ ಮುಂದಣ ಚುಕ್ಕಿರಂಗೋಲಿಯನ್ನು ನೆನಪಿಗೆ ತರುತ್ತದೆ. ಹತ್ತು ಬೀಜಗಳನ್ನು ಒಂದೇ ಸಾಲಿನಲ್ಲಿಟ್ಟು ಆಟವನ್ನು ನಡೆಸಿದರೆ ‘ಪೆಂಟಾಡೆಕಾಥ್ಲಾನ್’ ಎಂಬ, 15ರ ಆವರ್ತವುಳ್ಳ ಚಿತ್ತಾರ ದೊರೆಯುತ್ತದೆ. 30ರ ಆವರ್ತದ ಇನ್ನೊಂದಕ್ಕೆ ‘ರಾಣಿಜೇನಿನ ಲಾಳಿ’ ಎಂದು ಹೆಸರು. ಮಗ್ಗದ ಲಾಳಿ ಹಾಸಿನೆಳೆಗಳ ನಡುವೆ ಅತ್ತಿಂದಿತ್ತ ಓಡುವಂತೆ ‘ರಾಣಿಜೇನು’ ಎಂಬ ಚಿಕ್ಕ ಚಿತ್ತಾರ ಒಂದು ಬದಿಗೆ ಸಾಗಿ, ಅಲ್ಲೊಂದು ‘ಜೇನುಗೂಡ’ನ್ನು ಬಿಟ್ಟು ಹಿಂದಿರುಗುತ್ತದೆ, ಎರಡು ಕೊನೆಗಳಲ್ಲಿಯೂ ಇಟ್ಟ ಚೌಕಗಳು ಆ ಗೂಡುಗಳನ್ನು ಅಳಿಸಿ ದಾರಿಯನ್ನು ತೆರವು ಮಾಡುತ್ತವೆ. ಅಮೆರಿಕದ ಬಿಲ್ ಗಾಸ್ಪರ್ 1970ರಲ್ಲಿ ಇಂಥ ಎರಡು ಲಾಳಿಗಳನ್ನು ಎದುರುಬದುರಾಗಿ ಹೂಡಿ, 30 ತಲೆಮಾರಿಗೊಮ್ಮೆ ಒಂದೊಂದು ‘ಗ್ಲೈಡರ’ನ್ನು ಹೊರಹಾಕುವ ಯಂತ್ರವನ್ನು ರಚಿಸಿ, ಕಾನ್ವೇ ಸಾರಿದ್ದ 50 ಡಾಲರುಗಳ ಬಹುಮಾನಕ್ಕೆ ಪಾತ್ರರಾದರು. ಗ್ಲೈಡರ್ ಎಂದರೆ ಐದು ಬೀಜಗಳ ಚಿಕ್ಕ ಚಿತ್ತಾರ. ಅದು ನಾಲ್ಕು ತಲೆಮಾರಿಗೆ ತನ್ನ ರೂಪಕ್ಕೆ ಮರಳುತ್ತದೆಯಾದರೂ ಅಷ್ಟರಲ್ಲಿ ಓರೆಯಾಗಿ ಒಂದು ಮನೆ ಮುಂದೆ ಸರಿದಿರುತ್ತದೆ. ಸ್ಥಾನ ಬದಲಾಗುವುದರಿಂದ ಅದು ಆಂದೋಲಕವಲ್ಲ, ಪಯಣಿಗ.

ಕಿಡಿಯ ಲಕ್ಷಣ

ಕೆಲವು ಆಂದೋಲಕಗಳು ತಮ್ಮ ಸುತ್ತಿನ ಯಾವುದೋ ಒಂದು ಹಂತದಲ್ಲಿ ಒಂದೆರಡು ಜೀವಗಳನ್ನು ತಮ್ಮ ಮೈಯಿಂದಾಚೆಗೆ ಚಿಮ್ಮುತ್ತವೆ. ಮರುಕ್ಷಣದಲ್ಲಿ ಆ ಜೀವಗಳು ಅಳಿಯುತ್ತವೆ. ಅವು ಅಳಿದುದರಿಂದ ಆಂದೋಲಕಕ್ಕೆ ಲೋಪವೇನಿಲ್ಲ. ಅದು ತನ್ನ ಸುತ್ತನ್ನು ಮುಂದುವರಿಸುತ್ತದೆ. ಇವೇ ಕಿಡಿಗಳು.

ಕಿಡಿಗಳಲ್ಲಿ ಸರಳವಾದುವು ಎರಡು: ಒಂದೇ ಮನೆಯ ಒಂಟಿಕಿಡಿ, ಪಕ್ಕಪಕ್ಕದ ಎರಡು ಮನೆಗಳ ಜೋಡಿಕಿಡಿ. ಒಂಟಿಕಿಡಿಗೆ ನೆರೆಯೇ ಇಲ್ಲ. ಜೋಡಿಕಿಡಿಯಲ್ಲಿ ಒಂದಕ್ಕೆ ಇನ್ನೊಂದು ಮಾತ್ರ ನೆರೆ. ಎರಡರ ಸುತ್ತಲೂ ಹೊಸ ಹುಟ್ಟಿಗೆ ಬೇಕಾದ ಮೂರರ ಸಂಖ್ಯೆ ಎಲ್ಲಿಯೂ ಕೂಡಿಬರುವುದಿಲ್ಲ. ಆದುದರಿಂದ ತಮ್ಮಷ್ಟಕ್ಕೆ ಬಿಟ್ಟರೆ ಎರಡು ಬಗೆಯ ಕಿಡಿಗಳೂ ಒಂದೇ ತಲೆಮಾರಿನಲ್ಲಿ ಆರಿಹೋಗುತ್ತವೆ. ಪೆಂಟಾಡೆಕಾಥ್ಲಾನ್ ಚಿಮ್ಮುವುದು ಜೋಡಿಕಿಡಿಯನ್ನು. ಮೂರರ ಆವರ್ತವುಳ್ಳ ಆಂದೋಲಕಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ, 12 ಮನೆಗಳಷ್ಟಕ್ಕೆ ಇಳಿಯುವ ‘ಕೇಟರರ್’ ಎಂಬುದನ್ನು 1989ರಲ್ಲಿ ಡೀನ್ ಹಿಕರ್‌ಸನ್ ಕಂಡುಹಿಡಿದರು. ಅದೂ ಕಿಡಿಯುಗುಳುವ ಜಾತಿಯದೇ.

ಲೋಹದ ಕೆಲಸದಲ್ಲಿ ಪಳಗಿದವರು ಸಾಣೆಚಕ್ರದಿಂದ ಹಾರುವ ಕಿಡಿಯ ಬಣ್ಣ ಮತ್ತು ಕವಲುಗಳನ್ನು ನೋಡಿಯೇ ಉಕ್ಕಿನ ಜಾತಿಯನ್ನು ಹೇಳಬಲ್ಲರು. ಈ ಆಟದ ಬಲ್ಲಿದರೂ ಹಾಗೆಯೇ. ಒಂದು ಆಂದೋಲಕ ಯಾವ ಬಗೆಯ ಕಿಡಿಯನ್ನು, ಎಷ್ಟು ತಲೆಮಾರಿಗೊಮ್ಮೆ, ಮೈಯಿಂದ ಎಷ್ಟು ದೂರಕ್ಕೆ ಚಿಮ್ಮುತ್ತದೆ ಎಂಬುದನ್ನು ನೋಡಿ ಅದರ ಬೆಲೆಯನ್ನು ಕಟ್ಟುತ್ತಾರೆ. ಕಿಡಿ ಮೈಗೆ ತೀರ ಹತ್ತಿರವಿದ್ದರೆ ಇನ್ನೊಂದು ಚಿತ್ತಾರ ಅದನ್ನು ಮುಟ್ಟಲು ಬಂದು ಆಂದೋಲಕವನ್ನೇ ಕೆಡಿಸೀತು. ಹೊರಚಾಚಿದ ಕಿಡಿಯೇ ಉಪಯೋಗಕ್ಕೆ ಬರುವಂಥದು.

ಕಿಡಿಯ ಕಾರ್ಯ

ಆರಿಹೋಗುವ ವಸ್ತುವಿನಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆಗೆ ಬೀಜಗಳೇ ಉತ್ತರ ಹೇಳುತ್ತವೆ. ಒಂದು ಜೋಡಿಯನ್ನಿಟ್ಟರೆ ಅದು ಅಳಿಯುತ್ತದೆ. ಒಂದು ಒಂಟಿಬೀಜವನ್ನಿಟ್ಟರೆ ಅದೂ ಅಳಿಯುತ್ತದೆ. ಆದರೆ ಜೋಡಿಯೂ ಒಂಟಿಯೂ ಒಂದೇ ಕಾಲಕ್ಕೆ ಬಂದು, ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಸೇರಿದುವೆನ್ನಿ. ಆಗ ಮೂರು ಬೀಜಗಳಲ್ಲಿ ಪ್ರತಿಯೊಂದಕ್ಕೂ ಎರಡು ನೆರೆ, ಮೂರೂ ಉಳಿಯುತ್ತವೆ. ಮೂಲೆಮಟ್ಟದ ಒಳಗಿನ ಬರಿಮನೆಗೆ ಮೂರು ನೆರೆ. ಅಲ್ಲಿ ನಾಲ್ಕನೆಯದು ಹುಟ್ಟುತ್ತದೆ. ಚೌಕ ಪೂರ್ಣವಾಯಿತು, ಇನ್ನು ಅದಕ್ಕೆ ಅಳಿವಿಲ್ಲ. ಬೇರೆ ಬೇರೆಯಾಗಿ ಅಳಿಯತಕ್ಕ ಎರಡು ಕಿಡಿಗಳು ಕಾಲ ಮತ್ತು ಸ್ಥಾನಗಳು ಕೂಡಿಬಂದಾಗ ಅಳಿಯದ ವಸ್ತುವಾದುವು. ಅವೇ ಮೂರು ಬೀಜಗಳು ಮೂಲೆಮಟ್ಟದ ಬದಲು ಒಂದೇ ಸಾಲಾಗಿ ಸೇರಿದ್ದರೆ ಬ್ಲಿಂಕರ್ ಆಗಿ ಮಿಟುಕುತ್ತಿದ್ದುವು. ಸಂಖ್ಯೆ ಒಂದೇ ಆದರೂ ಸೇರುವ ಬಗೆಯಿಂದ ಫಲ ಬೇರೆಯಾಗುತ್ತದೆ.

ಹಾದುಹೋಗುವ ಪಯಣಿಗನ ಗತಿಯನ್ನು ಬದಲಿಸುವುದು ಕಿಡಿಯುಗುಳುವ ಆಂದೋಲಕಗಳ ಇನ್ನೊಂದು ಕೆಲಸ. ತಕ್ಕ ಕ್ಷಣದಲ್ಲಿ, ತಕ್ಕ ದಾರಿಯಲ್ಲಿ ಬಂದು ಪೆಂಟಾಡೆಕಾಥ್ಲಾನಿನ ಹೊರ ಅಂಚನ್ನು ಮುಟ್ಟಿದ ಗ್ಲೈಡರ್, ಗೋಡೆಗೆ ತಗುಲಿದ ಚೆಂಡಿನಂತೆ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಪೆಂಟಾಡೆಕಾಥ್ಲಾನ್ ಮಾತ್ರ ಏನೂ ನಡೆಯಲಿಲ್ಲವೆಂಬಂತೆ ತನ್ನ ಹದಿನೈದರ ಸುತ್ತಿನಲ್ಲಿರುತ್ತದೆ. ಇಂಥ ಎರಡನ್ನು ಎದುರುಬದುರಾಗಿ ನಿಲ್ಲಿಸಿದರೆ ನಡುವಿನ ಗ್ಲೈಡರ್ ಅತ್ತಿಂದಿತ್ತ ಓಡಾಡುತ್ತ, ಒಟ್ಟು ರಚನೆಗೆ 60ರ ಆವರ್ತವುಂಟಾಗುತ್ತದೆ. ಇವುಗಳ ನಡುವಣ ದೂರವನ್ನು ಲೆಕ್ಕವರಿತು ಹೆಚ್ಚಿಸಿದಂತೆ ಆವರ್ತವೂ 180, 300 ಎಂದು ಹೆಚ್ಚುತ್ತ ಹೋಗುತ್ತದೆ.

ನಿಜವಾದ ಕೂಟ, ತೋರಿಕೆಯ ಕೂಟ

ಒಬ್ಬನು ಮೂರು ಎಣಿಕೆಗೊಮ್ಮೆ, ಇನ್ನೊಬ್ಬನು ನಾಲ್ಕು ಎಣಿಕೆಗೊಮ್ಮೆ ಚಪ್ಪಾಳೆ ತಟ್ಟುತ್ತಿದ್ದರೆ ಇಬ್ಬರ ಚಪ್ಪಾಳೆಯೂ ಹನ್ನೆರಡು ಎಣಿಕೆಗೊಮ್ಮೆ ಒಟ್ಟಿಗೆ ಬೀಳುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯದ ಈ ಲೆಕ್ಕವನ್ನು ಶಾಲೆಯ ಮಕ್ಕಳೂ ಬಲ್ಲರು. ಹಾಗಾದರೆ 3ರ ಆವರ್ತದ ಆಂದೋಲಕವನ್ನು ಹಾಸಿನ ಒಂದು ಮೂಲೆಯಲ್ಲಿಯೂ, 4ರ ಆವರ್ತದ್ದನ್ನು ಇನ್ನೊಂದು ಮೂಲೆಯಲ್ಲಿಯೂ ಇಟ್ಟು, ಇದೋ 12ರ ಆವರ್ತವೆಂದು ಹೇಳಬಹುದೇ? ಗಣಿತಜ್ಞರು ಒಪ್ಪುವುದಿಲ್ಲ. ಒಬ್ಬನು ದಾವಣಗೆರೆಯಲ್ಲಿಯೂ ಇನ್ನೊಬ್ಬನು ಹರಿಹರದಲ್ಲಿಯೂ ಕುಳಿತು ತಾಳ ಹಾಕಿದರೆ ಅದನ್ನು ಮೇಳವೆನ್ನಲಾದೀತೇ? ಅಲ್ಲಿ ಯಾವ ಮನೆಯೂ 12ಕ್ಕೆ ಮರಳುತ್ತಿಲ್ಲ. ಕೆಲವು 3ಕ್ಕೆ, ಕೆಲವು 4ಕ್ಕೆ ಮರಳುತ್ತಿವೆ, ಅಷ್ಟೆ. ಒಂದು ಮನೆಯಾದರೂ ಪೂರ್ಣ ಆವರ್ತವನ್ನು ತಾನೇ ಪಾಲಿಸಿದಾಗ ಮಾತ್ರ ಆ ಆವರ್ತ ನಿಜವಾದುದು.

ತೋರಿಕೆಯ ಕೂಟವನ್ನು ನಿಜವಾದ ಕೂಟವನ್ನಾಗಿ ಮಾಡುವ ಬಲ ಕಿಡಿಗುಂಟು. ಎರಡು ಆಂದೋಲಕಗಳ ನಡುವೆ ಒಂದು ಬರಿಮನೆಯಿದೆಯೆಂದು ಭಾವಿಸಬೇಕು. ಒಂದು ಪಕ್ಕದಿಂದ 3 ತಲೆಮಾರಿಗೊಮ್ಮೆ ಜೋಡಿಕಿಡಿ ಬರುತ್ತದೆ. ಆಗ ಆ ಮನೆಗೆ ಎರಡು ನೆರೆ, ಹುಟ್ಟಿಗೆ ಸಾಲದು. ಇನ್ನೊಂದು ಪಕ್ಕದಿಂದ 4 ತಲೆಮಾರಿಗೊಮ್ಮೆ ಒಂಟಿಕಿಡಿ ಬರುತ್ತದೆ. ಆಗ ಒಂದೇ ನೆರೆ, ಅದೂ ಸಾಲದು. ಹನ್ನೆರಡಕ್ಕೊಮ್ಮೆ ಎರಡೂ ಒಟ್ಟಿಗೆ ಬಂದಾಗ ಮೂರರ ಸಂಖ್ಯೆ ಕೂಡಿ ಅಲ್ಲಿ ಜೀವ ಹುಟ್ಟುತ್ತದೆ. ಎರಡು ಮೂಲಗಳಿಗೂ ಧಕ್ಕೆಯಾಗದಂತೆ ಇದನ್ನು ಹೊಂದಿಸಿದರೆ, ಆ ಒಂದು ಮನೆಯೇ 12ರ ಆವರ್ತಕ್ಕೆ ಸಾಕ್ಷಿಯಾಗುತ್ತದೆ. ಮೈಗೆ ಮೈ ತಗುಲಿದ್ದರೆ ಎರಡು ಆಂದೋಲಕಗಳೂ ಕೆಡುತ್ತಿದ್ದುವು. ದೂರ ದೂರವಿದ್ದರೆ ಸಂಬಂಧವೇ ಇರುತ್ತಿರಲಿಲ್ಲ. ತಮ್ಮ ತಮ್ಮ ಸ್ವರೂಪವನ್ನು ಕಳೆದುಕೊಳ್ಳದೆ ಅವು ಕೂಡುವುದು, ತಮಗೆ ಬೇಕಿಲ್ಲದೆ ಹೊರಚೆಲ್ಲಿದ ಕಿಡಿಗಳ ಮೂಲಕ.

ಎಲ್ಲ ಸಂಖ್ಯೆಗಳೂ ದೊರೆತ ಬಗೆ

ಇಲ್ಲಿಂದ ಒಂದು ದೊಡ್ಡ ಪ್ರಶ್ನೆ ಏಳುತ್ತದೆ. 1, 2, 3 ಎಂದು ಎಣಿಸುತ್ತ ಹೋದರೆ ಪ್ರತಿಯೊಂದು ಸಂಖ್ಯೆಗೂ ಅಷ್ಟೇ ನಿಜವಾದ ಆವರ್ತವುಳ್ಳ ಆಂದೋಲಕ ಇದ್ದೇ ಇದೆಯೇ? ಆಟ ಪ್ರಕಟವಾದ 1970ರಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಈ ಪ್ರಶ್ನೆ ಪೂರ್ಣ ಉತ್ತರವಿಲ್ಲದೆ ಉಳಿದಿತ್ತು.

ಆಶ್ಚರ್ಯದ ಸಂಗತಿಯೆಂದರೆ ದೊಡ್ಡ ಸಂಖ್ಯೆಗಳೇ ಮೊದಲು ವಶವಾದುವು. ಸುತ್ತುದಾರಿಯೊಂದನ್ನು ನಿರ್ಮಿಸಿ ಅದರಲ್ಲಿ ಓಡುವ ಚಿತ್ತಾರವನ್ನು ಬಿಟ್ಟರೆ, ದಾರಿ ಉದ್ದವಾದಷ್ಟೂ ಆವರ್ತ ಹೆಚ್ಚುತ್ತದೆ. ಈ ಮಾರ್ಗದಿಂದ 1996ರಲ್ಲಿ ಡೇವಿಡ್ ಬಕಿಂಗ್‌ಹ್ಯಾಮ್ 61 ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲ ಆವರ್ತಗಳನ್ನೂ ಸಾಧಿಸಿ ತೋರಿಸಿದರು. 2013ರಲ್ಲಿ ಮೈಕ್ ಪ್ಲೇಲ್ ‘ಸ್ನಾರ್ಕ್’ ಎಂಬ ರಚನೆಯನ್ನು ಕಂಡುಹಿಡಿದರು. ಅದು ಗ್ಲೈಡರನ್ನು ಲಂಬಕೋನದಲ್ಲಿ ತಿರುಗಿಸಿ, 43 ತಲೆಮಾರುಗಳಲ್ಲಿ ಮುಂದಿನ ಗ್ಲೈಡರಿಗೆ ಸಿದ್ಧವಾಗಬಲ್ಲುದು. ಹೀಗಾಗಿ ಎಲ್ಲೆ 61ರಿಂದ 43ಕ್ಕೆ ಇಳಿಯಿತು. ಅದಕ್ಕಿಂತ ಚಿಕ್ಕ ಸಂಖ್ಯೆಗಳಿಗೆ ಈ ಉಪಾಯ ನಡೆಯದು. ತಿರುವಿನಲ್ಲಿ ಮೊದಲನೆಯದರ ಕೆಲಸ ಮುಗಿಯುವ ಮುನ್ನವೇ ಎರಡನೆಯದು ಬಂದು ಡಿಕ್ಕಿಯಾಗುತ್ತದೆ. ಅಲ್ಲಿ ಒಂದೊಂದು ಸಂಖ್ಯೆಗೂ ಒಂದೊಂದು ಚಿತ್ತಾರವನ್ನು ಬೇರೆ ಬೇರೆಯಾಗಿಯೇ ಹುಡುಕಬೇಕಾಯಿತು. ಗಣಕಯಂತ್ರಗಳ ನೆರವಿನಿಂದ, ಆದರೆ ಮನುಷ್ಯರ ತಾಳ್ಮೆಯಿಂದ, ಒಂದಾದಮೇಲೊಂದು ದೊರೆಯುತ್ತ ಬಂದು ಕಡೆಗೆ ಉಳಿದುವು ಎರಡೇ: 19 ಮತ್ತು 41. ಇವೆರಡೂ 2023ರಲ್ಲಿ ದೊರೆತುವು. ಅದೇ ವರ್ಷದ ಕೊನೆಯಲ್ಲಿ ಏಳು ಮಂದಿ ಕೂಡಿ ಬರೆದ ಪ್ರಬಂಧದಲ್ಲಿ, ಈ ಆಟದಲ್ಲಿ ಇಲ್ಲದ ಆವರ್ತವೇ ಇಲ್ಲವೆಂದು ಸಾರಲಾಯಿತು. ಆಟದ ಕರ್ತೃವಾದ ಕಾನ್ವೇ ಅವರಿಗೆ ಇದನ್ನು ಕೇಳುವ ಯೋಗವಿರಲಿಲ್ಲ. ಅವರು 2020ರ ಏಪ್ರಿಲಿನಲ್ಲಿ ಕೋವಿಡ್ ವ್ಯಾಧಿಯಿಂದ ತೀರಿಕೊಂಡಿದ್ದರು.

ಉಪಸಂಹಾರ

ಇದೆಲ್ಲ ಬರಿಯ ಆಟವಲ್ಲವೇ ಎಂದು ಕೇಳುವವರಿರಬಹುದು. ನೆರೆಯನ್ನು ನೋಡಿ ಮನೆ ಬದಲಾಗುವ ಇಂಥ ವ್ಯವಸ್ಥೆಗಳನ್ನೇ ವಿಜ್ಞಾನಿಗಳು ಹೆದ್ದಾರಿಯ ವಾಹನಸಂಚಾರವನ್ನೂ, ಒಂದು ಮರದಿಂದ ಇನ್ನೊಂದು ಮರಕ್ಕೆ ಹಬ್ಬುವ ಕಾಳ್ಗಿಚ್ಚನ್ನೂ ತಿಳಿಯಲು ಬಳಸುತ್ತಾರೆ. ಗ್ಲೈಡರುಗಳನ್ನೇ ಸಂಕೇತಗಳನ್ನಾಗಿ ಮಾಡಿಕೊಂಡು, ಗಣಕಯಂತ್ರ ಮಾಡಬಲ್ಲ ಲೆಕ್ಕವನ್ನೆಲ್ಲ ಈ ಹಾಸಿನ ಮೇಲೆಯೇ ಮಾಡಬಹುದೆಂದೂ ಸಿದ್ಧವಾಗಿದೆ.

ಆದರೆ ವಿದ್ಯಾರ್ಥಿಗಳಿಗೆ ಇದರಿಂದಾಗುವ ಲಾಭ ಇನ್ನೂ ಹತ್ತಿರದ್ದು. ಇಲ್ಲಿ ಯಾರ ಮಾತನ್ನೂ ಸುಮ್ಮನೆ ನಂಬಬೇಕಾದುದಿಲ್ಲ. ಜೋಡಿಕಿಡಿ ಅಳಿಯುವುದೂ, ಒಂಟಿಯೊಡನೆ ಮೂಲೆಮಟ್ಟವಾಗಿ ಕೂಡಿದರೆ ಉಳಿಯುವುದೂ ನಿಜವೇ ಎಂಬುದನ್ನು ಹಿಡಿಯಷ್ಟು ಹುಣಸೆಬೀಜಗಳಿಂದ ಶಾಲೆಯ ಜಗಲಿಯ ಮೇಲೆಯೇ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಮೂರು ನಿಯಮಗಳನ್ನು ಪ್ರಾಮಾಣಿಕವಾಗಿ, ಒಂದು ಮನೆಯನ್ನೂ ಬಿಡದೆ ಎಣಿಸಿದ ಬಾಲಕನ ಉತ್ತರಕ್ಕೂ ಕೇಂಬ್ರಿಜಿನ ಪಂಡಿತನ ಉತ್ತರಕ್ಕೂ ವ್ಯತ್ಯಾಸವಿರಲಾರದು. ಮೊದಲು ಬ್ಲಿಂಕರ್, ಅನಂತರ ಬೀಕನ್, ಆಮೇಲೆ ಹತ್ತು ಬೀಜಗಳ ಸಾಲು ಎಂಬ ಕ್ರಮದಲ್ಲಿ ಆಡಿ ನೋಡಲಿ. ಹತ್ತರ ಸಾಲು ಪೆಂಟಾಡೆಕಾಥ್ಲಾನಾಗಿ ನೆಲೆಗೊಂಡು ತನ್ನ ಹದಿನೈದರ ಸುತ್ತನ್ನು ಆರಂಭಿಸಿದಾಗ, ಅದರ ಹೊರಗೆ ಎರಡು ಬೀಜಗಳು ಯಾವ ತಲೆಮಾರಿನಲ್ಲಿ ತೋರಿ, ಯಾವ ತಲೆಮಾರಿನಲ್ಲಿ ಮಾಯವಾಗುತ್ತವೆ ಎಂಬುದನ್ನು ಗುರುತು ಹಾಕಿಕೊಳ್ಳಲಿ. ಕಿಡಿಯನ್ನು ಸ್ವಂತ ಕೈಯಿಂದ ಎಣಿಸಿ ಕಂಡವರಿಗೆ, ಅದನ್ನು ಎಲ್ಲಿಗೆ ಹಾಯಿಸಿದರೆ ಏನಾದೀತೆಂಬ ಮುಂದಿನ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.